ಶಾಲೆ ರಜೆಗೂ ಕ್ಯಾರವಾನ್‌ಗೂ ಹೊಂದುತ್ತಾ?

ಪ್ರಶ್ನೆ: ಅಣ್ಣಾ, ನಮ್ಮದು ಗಂಗಾವತಿ. ಯಜಮಾನರದ್ದು ಬೀಜ, ಗೊಬ್ಬರದ ಅಂಗಡಿ. ಮಗಳು ಸ್ಟೇಟ್ ಸಿಲಬಸ್, ಎಂಟನೇ ಕ್ಲಾಸ್. ಮಗ ಸಿಬಿಎಸ್‌ಇ ಶಾಲೆಯಲ್ಲಿ ನಾಲ್ಕನೇ ಕ್ಲಾಸ್. ಒಂದು ಹಳೇ ಟೆಂಪೋ ಟ್ರಾವೆಲರ್ ತಗೊಂಡು, ಒಳಗೆ ಹಾಸಿಗೆ, ಅಡುಗೆ ಕಟ್ಟೆ ಮಾಡಿಸಿ ಕ್ಯಾರವಾನ್ ಮಾಡಿಕೊಂಡು, ಬೇಸಿಗೆ ರಜೆ ಪೂರ್ತಿ ತಿರುಗಬೇಕು ಅಂತ ಆಸೆ. ಮುಂದೆ ಒಂದು ವರ್ಷ ಮೂರು ತಿಂಗಳು ಶಾಲೆ ಬಿಡಿಸಿ ಉತ್ತರ ಭಾರತಕ್ಕೂ ಹೋಗಿ ಬರೋಣ ಅಂತಾರೆ ಇವರು. ಆದರೆ ಇಬ್ಬರು ಮಕ್ಕಳ ರಜೆ ಒಟ್ಟಿಗೆ ಬರುವುದೇ ಇಲ್ಲ. ಹೇಗೆ ಹೊಂದಿಸೋದು?

ಉತ್ತರ: ತಂಗಿ, ನಿಮ್ಮ ಆಸೆ ಒಳ್ಳೆಯದು. ಮಕ್ಕಳು ಮನೆಯಲ್ಲಿ ಇರುವಷ್ಟು ವರ್ಷ ಅವರ ಜೊತೆ ತಿರುಗಬೇಕು ಅನ್ನುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಬಳ್ಳಾರಿಯಲ್ಲಿ ಗಾಡಿಗಳ ಬಾಡಿ ಕಟ್ಟುವ ಕೆಲಸ ನನ್ನದು. ನನ್ನ ಇಬ್ಬರು ಮಕ್ಕಳೂ ಅಂಥ ಗಾಡಿಯಲ್ಲೇ ಅರ್ಧ ಕರ್ನಾಟಕ ನೋಡಿದರು. ಆ ಅನುಭವದಿಂದ ಹೇಳುತ್ತೇನೆ, ಬೇಸಿಗೆ ರಜೆಯನ್ನು ನಂಬಿ ಗಾಡಿ ಕೊಳ್ಳಬೇಡಿ. ನಮ್ಮ ಭಾಗದವರಿಗೆ ಕ್ಯಾರವಾನ್ ಕಾಲ ಅಂದರೆ ದಸರಾ ರಜೆ. ಅದು ಬಿಟ್ಟರೆ ಚಳಿಗಾಲದ ಶನಿವಾರಗಳು.

ಯಾಕೆ ಅಂತ ನೋಡೋಣ. ಸ್ಟೇಟ್ ಸಿಲಬಸ್ ಶಾಲೆಗಳ ಬೇಸಿಗೆ ರಜೆ ಈಚಿನ ವರ್ಷಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಬರುತ್ತಿದೆ. 48 ದಿನ. ದಸರಾ ರಜೆ ಹೆಚ್ಚೂಕಡಿಮೆ 18 ದಿನ. ಅಂದರೆ ವರ್ಷದ ಉದ್ದ ರಜೆಯ ನಾಲ್ಕರಲ್ಲಿ ಮೂರು ಪಾಲು ಬರುವುದು ಬಳ್ಳಾರಿ, ರಾಯಚೂರು, ಕೊಪ್ಪಳ ಸುಡುವ ಹೊತ್ತಿನಲ್ಲೇ. ಪುಣೆ, ಬೆಂಗಳೂರಿನವರು ಬರೆದ ಸಲಹೆಯಲ್ಲಿ ಈ ಮಾತು ಇರುವುದಿಲ್ಲ. ಅವರ ಮೇ ತಿಂಗಳೇ ಬೇರೆ, ನಮ್ಮ ಮೇ ತಿಂಗಳೇ ಬೇರೆ.

ಒಂದು ಏಪ್ರಿಲ್ ರಾತ್ರಿ ನನಗೆ ಇನ್ನೂ ನೆನಪಿದೆ. ಸಿರುಗುಪ್ಪ ರಸ್ತೆಯಲ್ಲಿ ಗೆಳೆಯರ ಹೊಲದ ಪಕ್ಕ ಗಾಡಿ ನಿಲ್ಲಿಸಿದ್ದೆವು. ಹಗಲು 41 ಡಿಗ್ರಿ ಇತ್ತು. ರಾತ್ರಿ ಹತ್ತು ಗಂಟೆಗೆ ಒಳಗಿನ ಗೋಡೆ ಮುಟ್ಟಿದೆ. ರೊಟ್ಟಿ ಹಂಚು ಒಲೆಯಿಂದ ಇಳಿಸಿ ಅರ್ಧ ಗಂಟೆ ಆದ ಮೇಲೂ ಬಿಸಿ ಇರುತ್ತಲ್ಲ, ಹಾಗೆ ಇತ್ತು. ಹಗಲೆಲ್ಲ ಕುಡಿದ ಬಿಸಿಲನ್ನು ತಗಡು ರಾತ್ರಿ ಒಳಗೆ ಬಿಡುತ್ತಿತ್ತು. ಸಣ್ಣವನು ಮೇಲಿನ ಹಾಸಿಗೆಯಲ್ಲಿ ಮಲಗಿದ್ದ, ಚಾವಣಿಗೆ ಎರಡು ಅಡಿ ದೂರ. ಎತ್ತಿಕೊಳ್ಳಲು ಹೋದರೆ ಬೆನ್ನಿನ ಕೆಳಗೆ ಚಾದರ ಹಿಂಡಿದರೆ ನೀರು ಬರುವಷ್ಟು ಒದ್ದೆ. ಅವತ್ತು ನಾಲ್ಕೂ ಜನ ಹೊರಗೆ ಚಾಪೆ ಹಾಸಿ ಮಲಗಿದೆವು. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಗಾಡಿ ಪಕ್ಕದಲ್ಲಿ ಖಾಲಿ ನಿಂತಿತ್ತು.

ಎಸಿ ಹಾಕಿಸಿದರಾಯಿತು ಅಂತ ಯಜಮಾನರು ಹೇಳಬಹುದು. ಅದರ ಲೆಕ್ಕ ಕೇಳಿ. ಸಾಮಾನ್ಯವಾಗಿ ಹಾಕಿಸುವ 12 ವೋಲ್ಟ್, 200 ಎಎಚ್ ಬ್ಯಾಟರಿಯಲ್ಲಿ 2,400 ವ್ಯಾಟ್-ಗಂಟೆ ಕರೆಂಟ್ ಹಿಡಿಯುತ್ತದೆ. ಆಸಿಡ್ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸಬೇಕು, ಇಲ್ಲದಿದ್ದರೆ ಬೇಗ ಸಾಯುತ್ತದೆ. ಅಲ್ಲಿಗೆ ಉಳಿದದ್ದು 1,200. ಮನೆಯ ಒಂದು ಟನ್ ಎಸಿ ಗಂಟೆಗೆ ಸುಮಾರು 1,000 ಎಳೆಯುತ್ತದೆ. ಮಕ್ಕಳು ನಿದ್ದೆ ಹೋಗುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ. ಲಿಥಿಯಂ ಬ್ಯಾಟರಿ ಹಾಕಿದರೂ ರಾತ್ರಿಯಿಡೀ ಎಸಿ ಓಡಿಸಲು ಮೂರು ನಾಲ್ಕು ಪಟ್ಟು ಬೇಕು. ಆ ದುಡ್ಡಿಗೆ ಎಷ್ಟೋ ರಾತ್ರಿ ಒಳ್ಳೆಯ ಲಾಡ್ಜ್‌ನಲ್ಲಿ ಇರಬಹುದು. ಅದೇ ಅಕ್ಟೋಬರ್‌ನಲ್ಲಾದರೆ 25 ವ್ಯಾಟಿನ ಎರಡು ಡಿಸಿ ಫ್ಯಾನ್ ಸಾಕು. ಎಂಟು ಗಂಟೆ ಓಡಿದರೂ 400 ಮಾತ್ರ. ಬೆಳಿಗ್ಗೆ ಬ್ಯಾಟರಿಯಲ್ಲಿ ಇನ್ನೂ ಮುಕ್ಕಾಲು ಭಾಗ ಇರುತ್ತದೆ. ಗಾಡಿ ಯಾವ ತಿಂಗಳು ಓಡಬೇಕು ಅನ್ನುವುದನ್ನು ಬ್ಯಾಟರಿಯೇ ಹೇಳುತ್ತದೆ.

ಈಗ ರಜೆಗಳಿಗೆ ಬರೋಣ. ನಿಮ್ಮ ಮನೆಯಲ್ಲಿ ಎರಡಲ್ಲ, ಮೂರು ಕ್ಯಾಲೆಂಡರ್ ಇವೆ. ಮಗಳದ್ದು ಒಂದು, ಮಗನದ್ದು ಒಂದು, ಅಂಗಡಿಯದ್ದು ಇನ್ನೊಂದು. ಅಂಗಡಿಯದ್ದನ್ನು ನೀವು ಪ್ರಶ್ನೆಯಲ್ಲಿ ಬರೆದೇ ಇಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಎರಡು ತಿಂಗಳು ಗಂಗಾವತಿಯಲ್ಲಿ ಗೊಬ್ಬರದ ಅಂಗಡಿಯವರು ಊಟಕ್ಕೆ ಎದ್ದರೆ ಹೆಚ್ಚು. ಒಂದು ದೊಡ್ಡ ಹಾಳೆ ತಗೊಂಡು ಮೂರು ಸಾಲು ಎಳೆಯಿರಿ. ಮೂರೂ ಸಾಲು ಖಾಲಿ ಇರುವ ದಿನಗಳಿಗೆ ಮಾತ್ರ ಹಸಿರು ಹಚ್ಚಿ.

ನಾನು ಹಚ್ಚಿದರೆ ಹೀಗೆ ಬರುತ್ತದೆ. ಮಗಳ ಶಾಲೆ ಏಪ್ರಿಲ್ ಎರಡನೇ ವಾರ ಮುಗಿಯುತ್ತದೆ. ಆದರೆ ಸಾಕಷ್ಟು ಸಿಬಿಎಸ್‌ಇ ಶಾಲೆಗಳು ಏಪ್ರಿಲ್ ಮೊದಲ ವಾರವೇ ಹೊಸ ವರ್ಷ ಶುರು ಮಾಡುತ್ತವೆ. ಮಗನಿಗೆ ಹೊಸ ಪುಸ್ತಕ, ಹೊಸ ಟೀಚರ್, ಏಪ್ರಿಲ್ ಪೂರ್ತಿ ಪಾಠ. ಅವನಿಗೆ ರಜೆ ಸಿಗುವುದು ಮೇ ತಿಂಗಳಲ್ಲಿ. ಅವನು ಜೂನ್‌ನಲ್ಲಿ ಇನ್ನೂ ಮನೆಯಲ್ಲಿ ಇರುವಾಗ ಮಗಳ ಶಾಲೆ ತೆರೆದಿರುತ್ತದೆ. ಹಾಗಾಗಿ ಒಂದೂವರೆ ತಿಂಗಳು ಅಂತ ನೀವು ಅಂದುಕೊಂಡದ್ದು ನಿಜವಾಗಿ ಮೇ ತಿಂಗಳ ಮೂರು, ಮೂರೂವರೆ ವಾರ. ದಸರಾದಲ್ಲೂ ಅಷ್ಟೇ. ಮಗಳಿಗೆ 18 ದಿನ ಇದ್ದರೂ ಮಗನಿಗೆ ಎಷ್ಟು ಕೊಡುತ್ತಾರೆ ಅನ್ನುವುದು ಅವನ ಶಾಲೆಯ ಮೇಲೆ ನಿಂತಿದೆ. ಕೆಲವು ಕಡೆ ದಸರಾ ಕಡಿಮೆ ಮಾಡಿ ಕ್ರಿಸ್ಮಸ್‌ಗೆ ಕೊಡುತ್ತಾರೆ. ಅವನ ಶಾಲೆಯ ಡೈರಿ ಕೈಗೆ ಬಂದ ದಿನವೇ ಹಿಂದಿನ ಪುಟಗಳನ್ನು ನೋಡಿ ಬರೆದುಕೊಳ್ಳಿ.

ಪರೀಕ್ಷೆ ವಿಷಯದಲ್ಲಿ ಒಂದು ಎಚ್ಚರ. ಸ್ಟೇಟ್ ಸಿಲಬಸ್‌ನಲ್ಲಿ ಮೊದಲ ಸೆಮಿಸ್ಟರ್ ಪರೀಕ್ಷೆ, ಎಸ್‌ಎ-1 ಅನ್ನುತ್ತಾರಲ್ಲ, ಅದು ದಸರಾ ರಜೆಗೆ ತಾಗಿಕೊಂಡೇ ಬರುತ್ತದೆ. ಒಂದು ವರ್ಷ ನನ್ನ ಮಗಳ ಶಾಲೆಯಲ್ಲಿ ಕೊನೆಯ ಪರೀಕ್ಷೆಯನ್ನು ಎರಡು ದಿನ ಮುಂದಕ್ಕೆ ಹಾಕಿದರು. ನಾನು ಆಗಲೇ ಗೋಕರ್ಣದಲ್ಲಿ ಜಾಗಕ್ಕೆ ಮುಂಗಡ ಕೊಟ್ಟಿದ್ದೆ. ಹೊರಟೆವು. ಅವಳು ಗಣಿತ ಪರೀಕ್ಷೆ ತಪ್ಪಿಸಿಕೊಂಡಳು. ಸಮುದ್ರದ ಮುಂದೆ ಕೂತು ಎರಡು ದಿನ ಮುಖ ಸಣ್ಣ ಮಾಡಿಕೊಂಡೇ ಇದ್ದಳು. ಮುಂಗಡದ ದುಡ್ಡು ಹೋದರೆ ಹೋಗಲಿ ಅಂತ ಅವತ್ತು ನಿಲ್ಲಬೇಕಿತ್ತು, ಆ ತಪ್ಪು ನನ್ನದು. ಆಮೇಲಿಂದ ರಜೆಯ ಮೊದಲ ಎರಡು ದಿನ ಮನೆಯಲ್ಲೇ ಇರುತ್ತೇವೆ. ಕೊನೆಯ ಎರಡು ದಿನವೂ ಅಷ್ಟೇ. ಬಟ್ಟೆ ಒಗೆಯಬೇಕು, ಹೋಂವರ್ಕ್ ಮುಗಿಸಬೇಕು, ಮಕ್ಕಳು ಸರಿಯಾಗಿ ನಿದ್ದೆ ಮಾಡಿ ಶಾಲೆಗೆ ಹೋಗಬೇಕು ಅಲ್ವಾ?

ಹಾಗಾದರೆ ದಸರಾದಲ್ಲಿ ನಿಮಗೆ ಕೈಗೆ ಸಿಗುವುದು ಎಂಟರಿಂದ ಹತ್ತು ದಿನ. ಕಡಿಮೆ ಅಂತ ಬೇಜಾರಾಗಬೇಡಿ. ಮಕ್ಕಳ ಜೊತೆ ಗಾಡಿಯಲ್ಲಿ ಹತ್ತು ದಿನ ಅಂದರೆ ಹೊಟ್ಟೆ ತುಂಬಾ ಆಗುತ್ತದೆ. ದಾರಿಯೂ ಒಳ್ಳೆಯದೇ ಇದೆ. ಕೊಪ್ಪಳ, ಗದಗ, ಹುಬ್ಬಳ್ಳಿವರೆಗೆ 67ನೇ ಹೆದ್ದಾರಿ. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ ಇಳಿದು ಅಂಕೋಲಾ, ಗೋಕರ್ಣ. ಹೊನ್ನಾವರದಿಂದ ಗೇರುಸೊಪ್ಪ ಘಾಟಿ ಹತ್ತಿದರೆ ಜೋಗ. ಅಕ್ಟೋಬರ್‌ನಲ್ಲಿ ಜೋಗದಲ್ಲಿ ನೀರೂ ಇರುತ್ತದೆ, ಮಳೆಗಾಲದಂತೆ ಮಂಜು ಮುಚ್ಚಿ ಏನೂ ಕಾಣದ ಕಷ್ಟವೂ ಕಡಿಮೆ. ಸಾಗರ, ಶಿವಮೊಗ್ಗ, ಹರಿಹರದ ಮೇಲೆ ವಾಪಸ್. ಲಾರಿ, ಬಸ್ಸು ಓಡಾಡುವ ದಾರಿ ಇದು, ಎತ್ತರದ ಗಾಡಿಗೆ ತೊಂದರೆ ಇಲ್ಲ. ಆಗುಂಬೆ ಘಾಟಿಯನ್ನು ಮಾತ್ರ ಈ ಗಾತ್ರದ ಗಾಡಿಗೆ ಬಿಟ್ಟುಬಿಡಿ. 14 ಕಡಿದಾದ ತಿರುವು, ಭಾರಿ ವಾಹನಗಳಿಗೆ ಅವಕಾಶವೂ ಇಲ್ಲ. ದಿನಕ್ಕೆ 150 ಕಿಲೋಮೀಟರ್ ದಾಟಬೇಡಿ. ಒಂದು ಜಾಗದಲ್ಲಿ ಎರಡು ರಾತ್ರಿ ನಿಲ್ಲಿ. ದಿನಾ ಜಾಗ ಬದಲಿಸಿದರೆ ನೀವು ದಿನಾ ಸಾಮಾನು ಕಟ್ಟುತ್ತಾ ಬಿಚ್ಚುತ್ತಾ ಇರುತ್ತೀರಿ, ಮಕ್ಕಳು ಕಿಟಕಿ ನೋಡುತ್ತಾ ಇರುತ್ತಾರೆ.

ಮೇ ತಿಂಗಳು ಪೂರ್ತಿ ಬೇಡವೇ ಬೇಡ ಅನ್ನುವುದಿಲ್ಲ. ಹೋಗುವುದಾದರೆ ಮೇಲಿನ ಊರಿಗೆ ಹೋಗಿ. ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ, ಬಿಸಿಲು ಏರುವ ಮುಂಚೆ ಚಿತ್ರದುರ್ಗ ದಾಟಿ, ಚಿಕ್ಕಮಗಳೂರು ಕಡೆ ಸೇರಿಕೊಳ್ಳಿ. ಎಂಟು ದಿನ ಅಲ್ಲೇ ಇದ್ದು ಬನ್ನಿ. ಊಟಿ ಕಡೆ ಮನಸ್ಸಿದ್ದರೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಗಾಡಿಗೆ ಇ-ಪಾಸ್ ಬೇಕು. ಬಂಡೀಪುರ ಕಾಡಿನ ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ. ಮೇ ತಿಂಗಳ ಊಟಿ ಜನಜಾತ್ರೆ, ದೊಡ್ಡ ಗಾಡಿ ನಿಲ್ಲಿಸಲು ಜಾಗ ಸಿಗದೆ ಒದ್ದಾಡುತ್ತೀರಿ. ನನ್ನನ್ನು ಕೇಳಿದರೆ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು. ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಸೀಮೆಯ ಹವೆ ಬಂಗಾರದಂಥದ್ದು. ಉದ್ದ ರಜೆ ಇಲ್ಲ ನಿಜ. ಆದರೆ ಮಗಳಿಗೆ ಶನಿವಾರ ಬೆಳಗಿನ ಶಾಲೆ. ಮಗನಿಗೂ ಒಂದೊಂದು ಶನಿವಾರ ರಜೆ ಇರುತ್ತದೆ. ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ಸಂಜೆ ಮನೆಗೆ. ತಿಂಗಳಿಗೆ ಒಂದು ಸಲ. ಗಂಗಾವತಿಯಲ್ಲಿ ಇರುವವರಿಗೆ ಇದಕ್ಕಿಂತ ಅದೃಷ್ಟ ಏನಿದೆ? ಜಗತ್ತಿನ ಜನ ವಿಮಾನ ಹತ್ತಿ ನೋಡಲು ಬರುವ ಹಂಪಿ ನಿಮ್ಮ ಹೊಳೆಯ ಆಚೆ ದಡದಲ್ಲಿದೆ.

ಎಂಟನೇ ಕ್ಲಾಸಿನ ಸಮಾಜ ಪುಸ್ತಕದಲ್ಲಿ ಮೌರ್ಯರು ಬರುತ್ತಾರೆ. ಸಿಂಧನೂರು ದಾಟಿದರೆ ಮಸ್ಕಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲೇ ದೇವಾನಾಂಪ್ರಿಯ ಅಂದರೆ ಅಶೋಕ ಅಂತ ಹೆಸರು ಸ್ಪಷ್ಟವಾಗಿ ಕಂಡದ್ದು. ಕೊಪ್ಪಳದ ಗವಿಮಠದ ಗುಡ್ಡದಲ್ಲೂ, ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಹಿರೇಬೆಣಕಲ್‌ನ ಮೊರೇರ ಗುಡ್ಡ ನಿಮ್ಮ ತಾಲೂಕಿನದೇ. ಕಲ್ಲು ಚಪ್ಪಡಿ ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿ ಕಟ್ಟಿದ ನೂರಾರು ಸಮಾಧಿಗಳು ಅಲ್ಲಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ನೆತ್ತಿಯ ಮೇಲೆ ನಗಾರಿ ಆಕಾರದ ಒಂದು ದೊಡ್ಡ ಗುಂಡು ಇದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಹತ್ತಿದರೆ ಮಕ್ಕಳು ಕುಣಿಯುತ್ತಾ ಹತ್ತುತ್ತಾರೆ. ಮೇ ತಿಂಗಳಲ್ಲಿ ದೊಡ್ಡವರಿಂದಲೂ ಆಗದು. ದರೋಜಿ ಕರಡಿಧಾಮಕ್ಕೆ ಮಧ್ಯಾಹ್ನ ಹೋಗಿ, ಸಂಜೆಯವರೆಗೂ ಕಾಯಿರಿ. ನಿಮ್ಮ ನಾಲ್ಕನೇ ಕ್ಲಾಸಿನವನು ಬಂಡೆಯಿಂದ ಇಳಿದು ಬರುವ ಕರಡಿಯನ್ನು ಒಮ್ಮೆ ನೋಡಲಿ.

ಇಟಗಿಯಲ್ಲಿ ನಡೆದ ಒಂದು ಸಣ್ಣ ಸಂಗತಿ ಹೇಳುತ್ತೇನೆ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯ ಅದು, ದೇವಾಲಯಗಳ ಚಕ್ರವರ್ತಿ ಅಂತ ಶಾಸನದಲ್ಲೇ ಹೊಗಳಿದ್ದಾರೆ. ಭಾನುವಾರ ಬೆಳಿಗ್ಗೆ ಗಾಡಿಯ ಮೆಟ್ಟಿಲ ಮೇಲೆ ಕೂತು ನನ್ನ ಮಗಳು ವೃತ್ತದ ಲೆಕ್ಕ ಮಾಡುತ್ತಿದ್ದಳು. ಬೇಸರವಾಗಿ ಎದ್ದು ದೇವಾಲಯದ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕಂಪಾಸ್ ಬಾಕ್ಸಿನ ದಾರ ಕೇಳಲು ಓಡಿ ಬಂದಳು. ಕಡೆದ ಕಂಬದ ಸುತ್ತ ದಾರ ಸುತ್ತಿ, ಅಳೆದು, 3.14ರಿಂದ ಭಾಗಿಸಿ ಕಂಬದ ದಪ್ಪ ಹೇಳಿದಳು. ಪಕ್ಕದ ಕಂಬವನ್ನೂ ಅಳೆದಳು. ಎರಡಕ್ಕೂ ದಾರದಲ್ಲಿ ಹಾಕಿದ ಗಂಟು ಒಂದೇ ಜಾಗಕ್ಕೆ ಬಂತು. "ಅಪ್ಪಾ, ಅವರು ಹೇಗೆ ಅಳೆದಿರಬಹುದು?" ಅಂತ ಕೇಳಿದಳು. ಮನೆಗೆ ಬರುವ ದಾರಿಯೆಲ್ಲ ಅದೇ ಮಾತು. ಅವತ್ತು ನಾವು ಮನೆಯಿಂದ ದೂರ ಹೋಗಿದ್ದದ್ದು ಒಂದು ದಿನದ ಮಟ್ಟಿಗೆ ಮಾತ್ರ.

ಮೂರು ತಿಂಗಳು ಶಾಲೆ ಬಿಡಿಸುವ ಮಾತಿಗೆ ನನ್ನ ಉತ್ತರ ಬೇಡ ಅಂತಲೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನವರೆಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಶಾಲಾ ದಿನ. ಮೂರು ತಿಂಗಳು ಅಂದರೆ ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ. ಪಾಠವನ್ನು ನೀವು ಹೇಳಿಕೊಡಬಹುದು. ಆದರೆ ಎಂಟನೇ ಕ್ಲಾಸಿನ ಹುಡುಗಿಗೆ ಗೆಳತಿಯರ ಗುಂಪು ಅಂದರೆ ಜೀವ. ಅವಳು ವಾಪಸ್ ಬರುವಷ್ಟರಲ್ಲಿ ಬೆಂಚಿನಲ್ಲಿ ಅವಳ ಜಾಗದಲ್ಲಿ ಬೇರೆ ಯಾರೋ ಇರುತ್ತಾರೆ. ಅವಳನ್ನೇ ಒಮ್ಮೆ ಕೂರಿಸಿ ಕೇಳಿ ನೋಡಿ. ಹಬ್ಬದ ರಜೆಗೆ ಒಂದೆರಡು ದಿನ ಸೇರಿಸಿಕೊಳ್ಳುವುದಾದರೆ ಕ್ಲಾಸ್ ಟೀಚರ್ ಹತ್ತಿರ ಮೊದಲೇ ಹೋಗಿ, ನಿಜ ಹೇಳಿ, ರಜೆ ಚೀಟಿ ಕೊಡಿ. ಜ್ವರ ಅಂತ ಸುಳ್ಳು ಬರೆಯಬೇಡಿ. ಮಕ್ಕಳು ಅದನ್ನು ನೋಡುತ್ತಿರುತ್ತಾರೆ.

ಇನ್ನು ಗಾಡಿ ಕೊಳ್ಳುವ ಮಾತು. ಮಗಳು ಈಗ ಎಂಟನೇ ಕ್ಲಾಸ್. ಇನ್ನು ಎರಡು ವರ್ಷಕ್ಕೆ ಎಸ್‌ಎಸ್‌ಎಲ್‌ಸಿ. ಆ ವರ್ಷ 75 ಶೇಕಡಾ ಹಾಜರಿ ಕಡ್ಡಾಯ. ಟ್ಯೂಷನ್, ಪೂರ್ವಸಿದ್ಧತಾ ಪರೀಕ್ಷೆ ಅಂತ ದಸರಾ ರಜೆಯೂ ಪೂರ್ತಿ ಸಿಗಲಾರದು. ಆಮೇಲೆ ಪಿಯುಸಿ ಎರಡು ವರ್ಷ. ಅಂದರೆ ನಾಲ್ವರೂ ಸೇರಿ ನಿಶ್ಚಿಂತೆಯಿಂದ ಹೋಗಲು ನಿಮಗೆ ಇರುವುದು ಎರಡು ದಸರಾ. ಅದಕ್ಕೆ ಸಾಲ ಮಾಡಿ ಗಾಡಿ ಕಟ್ಟಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಗಾಡಿ ಕಟ್ಟಿ ಬದುಕುವವನೇ ಇದನ್ನು ಹೇಳುತ್ತಿದ್ದೇನೆ. ನಿಂತ ಗಾಡಿ ದುಡ್ಡು ತಿನ್ನುತ್ತದೆ. ಬ್ಯಾಟರಿ ಇಳಿಯುತ್ತದೆ, ಟೈರು ಒಂದೇ ಕಡೆ ಒತ್ತಿ ಹಾಳಾಗುತ್ತದೆ. ಭತ್ತದ ಊರಲ್ಲಿ ಇಲಿ ಕಾಟ ನಿಮಗೆ ಗೊತ್ತೇ ಇದೆ. ನನ್ನ ಶೆಡ್ಡಿಗೆ ಬರುವ ರಿಪೇರಿಯಲ್ಲಿ ಇಲಿ ಕಡಿದ ವೈರಿನದ್ದೇ ಜಾಸ್ತಿ.

ಈ ದಸರಾಕ್ಕೆ ಬಾಡಿಗೆಗೆ ತಗೊಳ್ಳಿ. ಹಳದಿ ಬೋರ್ಡು, ಪ್ರವಾಸಿ ಪರ್ಮಿಟ್, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಮೂರನ್ನೂ ಕಣ್ಣಾರೆ ನೋಡಿ. ಗುರುತಿನವರದ್ದು ಅಂತ ಬಿಳಿ ಬೋರ್ಡಿನ ಗಾಡಿಗೆ ಬಾಡಿಗೆ ಕೊಟ್ಟು ಹೋಗಬೇಡಿ, ಅಪಘಾತವಾದರೆ ಇನ್ಶೂರೆನ್ಸ್ ಕೈ ಎತ್ತಬಹುದು. ಮಕ್ಕಳಿಬ್ಬರಿಗೂ ಬೆಲ್ಟ್ ಇರುವ, ಮುಂದಕ್ಕೆ ಮುಖ ಮಾಡಿದ ಸೀಟು ಇರಲೇಬೇಕು. ಗಾಡಿ ಓಡುವಾಗ ಹಾಸಿಗೆಯ ಮೇಲೆ ಯಾರೂ ಮಲಗಬಾರದು, ಒಲೆ ಹಚ್ಚಬಾರದು. ರಾತ್ರಿ ನಿಲ್ಲಿಸಲು ಕಾಡಿನ ಅಂಚು ಬೇಡ. ಹಂಪಿಗೆ ಬಂದರೆ ಸ್ಮಾರಕಗಳ ಪಕ್ಕ ಠಿಕಾಣಿ ಹೂಡದೆ, ಕಮಲಾಪುರದಲ್ಲೋ ಹೊಸಪೇಟೆಯಲ್ಲೋ ಹೋಟೆಲಿನವರನ್ನು ಕೇಳಿ ಅಂಗಳದಲ್ಲಿ ನಿಲ್ಲಿಸಿ.

ಎರಡು ಸಲ ಹೋಗಿ ಬಂದ ಮೇಲೂ ನಾಲ್ವರಿಗೂ ನಮ್ಮದೇ ಗಾಡಿ ಬೇಕು ಅನ್ನಿಸಿದರೆ ಆಗ ಮಾತಾಡೋಣ. ಹಳೇ ಟ್ರಾವೆಲರ್ ಕೊಂಡು ಸುಮ್ನೆ ಒಳಗೆ ಹಾಸಿಗೆ ಬಡಿಸಿದರೆ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬದಲಾವಣೆ ಸೇರಬೇಕು. ಕ್ಯಾರವಾನ್‌ಗೆ ಎಐಎಸ್-124 ಅನ್ನುವ ಸುರಕ್ಷತಾ ಮಾನದಂಡ ಇದೆ, ಬಾಡಿ ಕಟ್ಟುವವರಿಗೆ ಅದು ಗೊತ್ತಿದೆಯಾ ಅಂತ ಕೇಳಿ. ಯಜಮಾನರ ಕಾರಿನ ಲೈಸೆನ್ಸ್ ಸಾಕಾ ಅನ್ನುವ ಅನುಮಾನ ಇದ್ದರೆ, ಒಟ್ಟು ತೂಕ 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ, ಅಂದರೆ ಕಾರಿನ ಲೈಸೆನ್ಸೇ ನಡೆಯುತ್ತದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠವೂ ಇದನ್ನೇ ಹೇಳಿದೆ.

ಆ ಮೂರು ಸಾಲಿನ ಹಾಳೆಯನ್ನು ಮಕ್ಕಳ ಕೈಯಲ್ಲೇ ಬರೆಸಿ. ಮಗನ ಶಾಲೆಯ ದಸರಾ ರಜೆ ಯಾವ ತಾರೀಕಿನಿಂದ ಅಂತ ತಿಳಿದ ಮೇಲೆ ನನಗೆ ಬರೆಯಿರಿ. ಗೋಕರ್ಣ, ಜೋಗದ ದಾರಿಯಲ್ಲಿ ಎಲ್ಲೆಲ್ಲಿ ನೀರು ತುಂಬಿಸಿಕೊಳ್ಳಬಹುದು, ಎಲ್ಲಿ ರಾತ್ರಿ ನಿಲ್ಲಿಸಬಹುದು ಅಂತ ಗುರುತು ಹಾಕಿ ಕಳಿಸುತ್ತೇನೆ.